ಸಾಹೇಬರಿಗೆ ಕೇಳಿಸುವ ಕೀಬೋರ್ಡ್

ನಮ್ಮ ಗಣಕ ವಿಭಾಗದಲ್ಲಿ ಒಟ್ಟು ಹನ್ನೊಂದು ಜನರಿದ್ದು, ಅವರಲ್ಲಿ ಪ್ರೋಗ್ರಾಂ ಬರೆಯಲು ಬರುವುದು ಒಬ್ಬರಿಗೆ. ಉಳಿದ ಹತ್ತು ಜನ ಅವರ ಮೇಲ್ವಿಚಾರಣೆ ನೋಡಿಕೊಳ್ಳುತ್ತೇವೆ.

ಆ ಪ್ರೋಗ್ರಾಮರ್ ಮೇಡಂ, ಊರಿನ ನಲ್ಲಿ ನೀರಿನ ದೂರುಗಳನ್ನು ದಾಖಲಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಹಳೆಯ ಕೀಬೋರ್ಡನ್ನು ಗುದ್ದಿ ಗುದ್ದಿ ಅವರ ಬಲಗೈಯ ಮಣಿಕಟ್ಟು ಊದಿಕೊಂಡಿತು. ಹೀಗೇ ಬಿಟ್ಟರೆ ಕೈಯ ಆಸೆ ಬಿಡಬೇಕಾದೀತು ಎಂದು ವೈದ್ಯರು ಹೇಳಿದ ಮೇಲೆ, ಮೆಲ್ಲಗೆ ಒತ್ತಿದರೆ ಸಾಕಾಗುವಂಥ ಮೆಕ್ಯಾನಿಕಲ್ ಕೀಬೋರ್ಡ್ ಬೇಕೆಂದು ಅರ್ಜಿ ಹಾಕಿದರು. ನೋವು ಸ್ವಂತದ್ದೋ ಕಚೇರಿಗೆ ಸೇರಿದ್ದೋ ಎಂಬುದನ್ನು ನಾವು ಬರೀ ನಾಲ್ಕು ತಿಂಗಳಲ್ಲಿ ತೀರ್ಮಾನಿಸಿ, ಐವರ ಆಯ್ಕೆ ಸಮಿತಿಯನ್ನು ರಚಿಸಿದೆವು.

ಸಮಿತಿಯ ಕಾರ್ಯದರ್ಶಿ ನಾನೇ. ಸದಸ್ಯರಲ್ಲಿ ಯಾರಿಗೂ ಟೈಪ್ ಮಾಡಲು ಬಾರದ ಕಾರಣ ಪಕ್ಷಪಾತಕ್ಕೆ ಎಡೆಯಿರಲಿಲ್ಲ. ಅಂಗಡಿಯವನು ಎರಡು ಮಾದರಿ ತಂದಿಟ್ಟ. ಮೊದಲನೆಯದರ ಕೀಲಿಗಳು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯುತ್ತಿದ್ದವು, ಸದ್ದೇ ಇಲ್ಲ. ಮೇಡಂ ಅದರ ಮೇಲೆ ಕೈಯಿಟ್ಟು ಸುಮ್ಮನೆ ಕಣ್ಣು ಮುಚ್ಚಿಕೊಂಡರು. ಎರಡನೆಯದನ್ನು ನಾನು ಒತ್ತಿ ನೋಡಿದೆ. ಕೀಲಿ ಗಟ್ಟಿಯಾಗಿದ್ದು, ತಗಡಿನ ಮೇಲೆ ಕಲ್ಲು ಬಿದ್ದಂತೆ ಸದ್ದಾಯಿತು.

ನಿರ್ದೇಶಕರು ಬಾಗಿಲು ಮುಚ್ಚಿದ ತಮ್ಮ ಕೋಣೆಯಿಂದ ಹೊರಗೆ ಬಂದರು.

"ಈಗ ಯಾರ್ರೀ ಕೆಲಸ ಮಾಡಿದ್ದು? ಇಷ್ಟು ವರ್ಷದಲ್ಲಿ ಇವತ್ತೇ ಒಳಗೆ ಕೇಳಿಸಿದ್ದು."

"ಸರ್, ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಯೋಚನೆ," ಎಂದರು ಮೇಡಂ. "ಯೋಚನೆಗೆ ಸದ್ದಿರಲ್ಲ."

"ಅದೇ ನೋಡಮ್ಮ ತೊಂದರೆ ಆಗಿರೋದು."

ಮರುದಿನವೇ ಸುತ್ತೋಲೆ ಹೊರಟಿತು: "ಕೆಲಸವನ್ನು ಮಾಡಿದರಷ್ಟೇ ಸಾಲದು, ಅದು ಕೇಳಿಸತಕ್ಕದ್ದು. ಹತ್ತು ನಿಮಿಷ ಮೀರಿದ ಮೌನವನ್ನು ಗೈರುಹಾಜರಿ ಎಂದು ಪರಿಗಣಿಸಲಾಗುವುದು. ಯೋಚಿಸಲು ಇಚ್ಛಿಸುವವರು ಮೂರು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು." ಹನ್ನೊಂದು ಮೇಜಿಗೂ ಎರಡನೆಯ ಮಾದರಿ ಬಂತು. ಜೊತೆಗೆ ಮೇಜಿಗೊಂದರಂತೆ ಸದ್ದಳೆಯುವ ಯಂತ್ರವೂ ಬಂತು. ನಾವು ಹತ್ತು ಜನ ಅಂದೇ ಕೆಲಸ ಕಲಿತೆವು. ಮೇಡಂ ಮಾತ್ರ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು, ಯೋಚಿಸುವ ಅನುಮತಿಗೆ ಕಾಯುತ್ತ ಕೂತರು.

ತಿಂಗಳ ವರದಿಯಲ್ಲಿ ಅವರದು ಕೊನೆಯ ಸ್ಥಾನ. ಆದರೆ ಹನ್ನೊಂದು ಮೇಜುಗಳಲ್ಲೂ ಅತಿ ಹೆಚ್ಚು ಸದ್ದು ದಾಖಲಾಗಿದ್ದದ್ದು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ. ಆ ಹೊತ್ತಿನಲ್ಲಿ ಕಚೇರಿಯಲ್ಲಿರುವವನು ಕಸ ಗುಡಿಸುವ ದೊಡ್ಡಣ್ಣ ಒಬ್ಬನೇ. ಕೀಬೋರ್ಡುಗಳನ್ನೆಲ್ಲ ಬಟ್ಟೆಯಿಂದ ಬರಬರನೆ ಒರೆಸುವುದು ಅವನ ಇಪ್ಪತ್ತು ವರ್ಷದ ಪದ್ಧತಿ. ನಿರ್ದೇಶಕರು ಅವನನ್ನು ಮುಖ್ಯ ಪ್ರೋಗ್ರಾಮರ್ ಹುದ್ದೆಗೆ ಏರಿಸಿದರು.

"ಸ್ವಾಮಿ, ನಾನು ದೂಳು ಒರೆಸೋನು. ಬರೆಯೋದು ಆ ಅಮ್ಮ," ಎಂದ ದೊಡ್ಡಣ್ಣ.

ತುಂಬಿದ ಕೊಡ ತುಳುಕುವುದಿಲ್ಲ ಎಂದು ನಿರ್ದೇಶಕರು ಅವನ ವಿನಯವನ್ನು ಮೆಚ್ಚಿಕೊಂಡರು. ತೆರವಾದ ಅವನ ಹುದ್ದೆಗೆ ಮೇಡಂ ಅವರನ್ನು ನೇಮಿಸಲಾಯಿತು. ಅರ್ಧ ಬರೆದ ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ಈಗ ಅವರು ಎಡಗೈಯಲ್ಲಿ ಒರೆಸುತ್ತಾರೆ. "ಮೆಲ್ಲಗಮ್ಮ, ಇನ್ನೊಂದು ಕೈಯೂ ಹೋದೀತು," ಎಂದು ದೊಡ್ಡಣ್ಣ ಹೇಳುವುದನ್ನು ಕೇಳಿ ನನಗೂ ಸಂಕಟವಾಯಿತು. ಆದರೆ ವರದಿಯ ನಮೂನೆಯಲ್ಲಿ ಸಂಕಟಕ್ಕೆ ಕಾಲಂ ಇಲ್ಲ.

ಬಲಗೈಗೆ ವಿಶ್ರಾಂತಿ ದೊರೆತಿರುವುದರಿಂದ ಅವರ ಅರ್ಜಿಯನ್ನು ವಿಲೇವಾರಿ ಮಾಡಿದ್ದೇನೆ. "ಒಪ್ಪಿಗೆ ಇದೆ" ಎಂದು ಅವರೇ ಎಡಗೈಯಲ್ಲಿ ಸಹಿ ಹಾಕಿದ್ದಾರೆ. ಪ್ರೋಗ್ರಾಂ ಇಲ್ಲದ್ದರಿಂದ ಊರಿನಲ್ಲಿ ಈ ವರ್ಷ ನೀರಿನ ದೂರು ಒಂದೂ ದಾಖಲಾಗಿಲ್ಲ. ಅದಕ್ಕಾಗಿ ನಮ್ಮ ವಿಭಾಗಕ್ಕೆ ಪ್ರಶಸ್ತಿಯೂ ಬಂದಿದೆ.

ನಮ್ಮ ಮನೆಯ ನಲ್ಲಿಯಲ್ಲಿ ಎಂಟು ದಿನದಿಂದ ಹನಿ ನೀರಿಲ್ಲ. ದೂರು ದಾಖಲಾಗದ ಕಾರಣ ನೀರು ಬರುತ್ತಿದೆ ಎಂದೇ ತಿಳಿಯಬೇಕೆಂದು ಹೆಂಡತಿಗೆ ವಿವರಿಸಿದೆ. ಅವಳು ನನ್ನನ್ನೊಮ್ಮೆ ನೋಡಿ, ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನವಾಗಿ ಒಳಗೆ ಹೋದಳು.