‘ಆರಾಮ ಅದೀರೇನ್ರಿ?’ ಎಂದು ಕೇಳಿಯೇ ರೋಗ ವಾಸಿ ಮಾಡುವ ವಿಧಾನದ ಕುರಿತು

ಸರ್ಕಾರಿ ಅನುದಾನಿತ ವೈದ್ಯಕೀಯ ಸಂಶೋಧನೆಗಳ ಅಕ್ರಮ ವಿಚಾರಣಾ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಮೂವತ್ತು ವರ್ಷ ಟಪಾಲು ನೋಡಿಕೊಂಡು ನಿವೃತ್ತನಾದ, ಗಂಗಾವತಿ ಸೀಮೆಯ ಮರಳಿಯ ದೊಡ್ಡಬಸಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಆರಾಮ ಇದ್ದೀರಾ ಎಂದು ನಾನು ಬೇಕೆಂದೇ ಕೇಳುತ್ತಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಹೋದ ವರ್ಷ ಡಾಕ್ಟರ್ ಸಾಹೇಬರೊಬ್ಬರು ಸರ್ಕಾರದ ಖರ್ಚಿನಲ್ಲಿ ಮೊಣಕಾಲು ನೋವಿನ ಹೊಸ ಗುಳಿಗೆಯನ್ನು ಪರೀಕ್ಷಿಸಲು ನಮ್ಮೂರಿಗೆ ದಯಮಾಡಿಸಿ, ಗದ್ದೆಯಲ್ಲಿ ಬಗ್ಗಿ ಭತ್ತದ ನಾಟಿ ಹಚ್ಚಿ ಮೊಣಕಾಲು ಸವೆಸಿಕೊಂಡ ಅರವತ್ತು ಮಂದಿಯನ್ನು ಆರಿಸಿದರು. ನನ್ನ ಹೆಂಡತಿ ಕರಿಯವ್ವ ಅದರಲ್ಲಿ ನಲವತ್ತೊಂದನೆಯವಳು. ಗುಳಿಗೆ ನುಂಗಿದ ನಾಲ್ಕನೇ ದಿನ ಆಕೆ ತಲೆ ಗಿರ್ರೆಂದು ತಿರುಗಿ ಬದುವಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡಳು. ಸಾಹೇಬರು ಮತ್ತೆ ಊರಿಗೆ ಬರಲಿಲ್ಲ, ಫೋನು ಮಾಡಿ “ಆರಾಮ ಅದೀರೇನ್ರಿ?” ಎಂದರು. “ಆರಾಮ ಅದೀನ್ರಿ ಯಪ್ಪಾ, ನೀವು?” ಎಂದಳು ಈಕೆ. ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಗಿತ್ತು. ನಮ್ಮ ಕಡೆ ಸಾಯಲು ಮಲಗಿದವನೂ ಈ ಪ್ರಶ್ನೆಗೆ ಮೊದಲು ಆರಾಮ ಎಂದು, ಆಮೇಲೆ ಸಂಕಟ ತೋಡಿಕೊಳ್ಳುತ್ತಾನೆ, ಮಾನ್ಯರೇ. ಅದು ಮರ್ಯಾದೆಯ ಮಾತು. ಸಾಹೇಬರು ಅಷ್ಟನ್ನೇ ಬರೆದುಕೊಂಡು, ಅರವತ್ತಕ್ಕೆ ಅರವತ್ತೂ ಮಂದಿ ಗುಣಮುಖ ಎಂದು ವರದಿ ಪ್ರಕಟಿಸಿದರು.

ಎಂಥ ಶೋಧ! ಇದನ್ನು ಮೊದಲೇ ಕಂಡುಹಿಡಿದಿದ್ದರೆ ಆಸ್ಪತ್ರೆ ಕಟ್ಟುವ ದಂದುಗವೇ ಇರುತ್ತಿರಲಿಲ್ಲ. ಕೊಪ್ಪಳದಲ್ಲಿ ಒಬ್ಬ ಗುಮಾಸ್ತನನ್ನು ಫೋನಿನ ಮುಂದೆ ಕೂರಿಸಿದರೆ ಸಂಜೆಯೊಳಗೆ ಕುಷ್ಟಗಿ, ಯಲಬುರ್ಗಿಗಳ ಸಮಸ್ತ ರೋಗಿಗಳೂ ಎದ್ದು ಓಡಾಡಿಯಾರು.

ಈ ಬಗ್ಗೆ ನಾನು ತಮಗೆ ದೂರು ಬರೆದೆ. ತಾವು ಅದನ್ನು ವಿಚಾರಣೆಗೆಂದು ಅದೇ ಸಾಹೇಬರಿಗೆ ಕಳಿಸಿಕೊಟ್ಟಿರಿ. ದೂರೊಂದು ಇಷ್ಟು ನೆಟ್ಟಗೆ ಆರೋಪಿಯ ಕೈ ಸೇರಿದ್ದನ್ನು ನನ್ನ ಮೂವತ್ತು ವರ್ಷದ ಟಪಾಲಿನಲ್ಲಿ ಕಂಡಿರಲಿಲ್ಲ. “ಕಳ್ಳನ ಕೈಯಾಗ ಕೀಲಿ ಕೊಟ್ಟು ಮನಿ ಕಾಯಿ ಅಂದಂಗಾತು” ಎಂದು ಕರಿಯವ್ವ ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಾ ಅಂದಳು. ಸಾಹೇಬರು ಮತ್ತೆ ಫೋನು ಮಾಡಿ ಅದನ್ನೇ ಕೇಳಿದರು, ಈಕೆ ಮತ್ತೆ ಅದನ್ನೇ ಅಂದಳು. ‘ದೂರುದಾರರ ಮನೆಯವರು ಆರಾಮ ಇದ್ದಾರೆ, ಕಡತ ಮುಕ್ತಾಯ’ ಎಂಬ ತಮ್ಮ ಪತ್ರ ಮೊನ್ನೆ ತಲುಪಿತು. ಧನ್ಯನಾದೆ.

ಈಗ ಆ ವರದಿಯ ಬಲದ ಮೇಲೆ ಬರುವ ತಿಂಗಳಿನಿಂದ ಕಿನ್ನಾಳದಲ್ಲಿ ಅದೇ ಗುಳಿಗೆ ಹಂಚುತ್ತಾರಂತೆ, ಮೊದಲ ಪಟ್ಟಿಯಲ್ಲೇ ಕರಿಯವ್ವನ ತಂಗಿ ಮಾಳವ್ವನ ಹೆಸರಿದೆ. “ನಾ ಅಂದ ಒಂದು ಮಾತಿಗೆ ನನ್ನ ತಂಗಿ ಬೀಳಬೇಕೇನು?” ಎಂದು ಈಕೆ ಊಟ ಬಿಟ್ಟಿದ್ದಾಳೆ. ನನಗೂ ಹೆದರಿಕೆಯಾಗಿದೆ, ಮಾನ್ಯರೇ. ಆದ್ದರಿಂದ ತಾವು ಗುಳಿಗೆ ಹಂಚುವುದನ್ನು ತಡೆಯಬೇಕು. ತಡೆಯಲಾಗದಿದ್ದರೆ ತಲೆ ತಿರುಗಕೂಡದು, ಬಿದ್ದರೂ ಮೂಳೆ ಮುರಿಯಕೂಡದು ಎಂದು ಒಂದು ಸುತ್ತೋಲೆಯನ್ನಾದರೂ ಹೊರಡಿಸಬೇಕು.

ಇಂತು ತಮ್ಮ ವಿಶ್ವಾಸಿ, ಗುಣಮುಖ ಸಂಖ್ಯೆ ನಲವತ್ತೊಂದರ ಗಂಡ,
ದೊಡ್ಡಬಸಪ್ಪ, ಮರಳಿ

ತಾ.ಕ.: ಈ ಲಕೋಟೆ ಅಂಟಿಸುವಾಗಲೇ ತಮ್ಮ ಸಮಿತಿಯ ಕಚೇರಿಯಿಂದ ಫೋನು ಬಂತು, ಅದೇ ಪ್ರಶ್ನೆ. ಕರಿಯವ್ವ ಹುಟ್ಟಿದಾಗಿನಿಂದ ಮೊದಲ ಸಲ ಮರ್ಯಾದೆ ಬಿಟ್ಟು “ಆರಾಮ ಇಲ್ರಿ!” ಎಂದಳು. ಆ ಕಡೆಯವರು “ಹಂಗಾರ ರಾಂಗ್ ನಂಬರ್ ರೀ. ನಮ್ಮ ಲಿಸ್ಟಿನ್ಯಾಗ ಆರಾಮ ಇಲ್ಲದವ್ರು ಯಾರೂ ಇಲ್ಲ” ಎಂದು ಫೋನು ಇಟ್ಟರು.