ಬಿಸಿಲಿಗೆ ಬೆಣ್ಣೆಕೃಷ್ಣನ ಜಾಮೀನು

“ಪಾರ್ಟಿ ಹಾಲ್ ಬೇಡ, ಟೆಂಟ್ ಬೇಡ. ಶನಿವಾರದ ಬಿಸಿಲು ನನ್ನ ಜವಾಬ್ದಾರಿ!” ಎಂದು ಎದೆ ತಟ್ಟಿ ಘೋಷಿಸಿದೆ. ನಾದಿನಿ ರಜನಿಯ ಸೀಮಂತ ಕರ್ಕ್‌ಲ್ಯಾಂಡಿನ ನಮ್ಮ ಹಿತ್ತಲಲ್ಲೇ ಎಂದು ತೀರ್ಮಾನವಾಯಿತು. ಅದೂ ಈ ಪರದೇಶದ ಮಳೆಗಾಲದಂಥ ಏಪ್ರಿಲ್‌ನಲ್ಲಿ! ಮಳೆ ಹಿಡಿದು ಹದಿನೈದು ದಿನವಾಗಿತ್ತು.

“ರೀ, ಫೋನ್ ನೋಡಿ. ತೊಂಬತ್ತು ಪರ್ಸೆಂಟ್ ಮಳೆ ಅಂತಿದೆ,” ಎಂದಳು ಹೆಂಡತಿ ಶ್ರೀವಿದ್ಯಾ.

“ಆ ಆ್ಯಪ್ ಬರೆಯೋರು ನನ್ನಂಥ ಸಾಫ್ಟ್‌ವೇರ್‌ನೋರೇ ಕಣೇ. ಅದನ್ನ ನಂಬ್ತೀಯಾ?”

ನನ್ನ ಧೈರ್ಯದ ಮೂಲ ಪಕ್ಕದ ಮನೆಯ ಐರಿಷ್ ಅಜ್ಜಿ ನೋರಾ. ಅವರ ಊರಲ್ಲಿ ಮದುವೆಯ ಹಿಂದಿನ ದಿನ ಬಾಲಯೇಸುವಿನ ಮೂರ್ತಿಯನ್ನು ಹೊರಗಿಟ್ಟರೆ ಮರುದಿನ ಬಿಸಿಲು ಗ್ಯಾರಂಟಿಯಂತೆ! ನಮ್ಮಲ್ಲಿ ಬಾಲಯೇಸು ಇಲ್ಲದಿದ್ದರೇನು, ಬಾಲಕೃಷ್ಣನಿದ್ದಾನಲ್ಲ? ಶ್ರೀವಿದ್ಯಾಳಿಗೆ ಅವಳ ಅಜ್ಜಿ ಕೊಟ್ಟಿದ್ದ ಮಣ್ಣಿನ ಕೃಷ್ಣನನ್ನು ದಸರಾ ಗೊಂಬೆಗಳ ಪೆಟ್ಟಿಗೆಯಿಂದ ಮೆಲ್ಲನೆ ಎತ್ತಿ, ಶುಕ್ರವಾರ ಸಂಜೆ ಹಿತ್ತಲ ಬೇಲಿಯ ಬಳಿ ಕೂರಿಸಿದೆ. ಪುಕ್ಕಟೆ ಕೆಲಸ ಹೇಳಬಾರದೆಂದು ಅವನ ಕೈಗೊಂದು ಮುದ್ದೆ ಬೆಣ್ಣೆಯನ್ನೂ ಮೆತ್ತಿದೆ.

ಶನಿವಾರ ಬೆಳಗ್ಗೆ ಏನು ಬಿಸಿಲು ಅಂತೀರಿ! ಮೈಸೂರಿನ ಏಪ್ರಿಲ್ಲೇ ವಿಮಾನ ಹತ್ತಿ ಬಂದಿತ್ತು. ಮೀಸೆ ತಿರುವುತ್ತಾ ಹಿತ್ತಲಿಗೆ ಹೋದೆ. ಕೃಷ್ಣ ಇಲ್ಲ! ಒದ್ದೆ ಮಣ್ಣಿನ ತುಂಬ ರಕೂನ್‌ನ ಹೆಜ್ಜೆ. ಕಸದ ಡಬ್ಬಿಯ ಮುಚ್ಚಳವನ್ನೇ ತೆಗೆಯುವ ಆ ಕಳ್ಳಪ್ರಾಣಿ ಬೆಣ್ಣೆಯನ್ನು ಬಿಟ್ಟೀತೆ?

ನೆಂಟರು ಬರುವ ಹೊತ್ತಿಗೆ ನಾನು ರೇಷ್ಮೆ ಪಂಚೆಯಲ್ಲಿ ಪೊದೆಗಳ ಕೆಳಗೆ ಅಂಬೆಗಾಲಿಡುತ್ತಿದ್ದೆ.

“ಭಾವ, ಏನ್ ಹುಡುಕ್ತಿದೀರಾ?” ಎಂದಳು ರಜನಿ.

“ಏನಿಲ್ಲಮ್ಮ, ಕಳೆ ಕೀಳ್ತಿದೀನಿ!”

“ಸೀಮಂತದ ದಿನಾನಾ?” ಶ್ರೀವಿದ್ಯಾ ಸೊಂಟಕ್ಕೆ ಕೈಯಿಟ್ಟು ನಿಂತಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ನೋರಾ ಕೂಗಿದರು: “ಈ ಪುಟಾಣಿ ನಿಮ್ಮವನೇ ತಾನೇ? ನನ್ನ ಗುಲಾಬಿ ಗಿಡದಡಿ ಸಿಕ್ಕಿದ!” ಅವರ ಒಂದು ಕೈಯಲ್ಲಿ ಕೃಷ್ಣನ ಮೈ, ಇನ್ನೊಂದರಲ್ಲಿ ತಲೆ.

ನಾನು ತೊದಲುತ್ತಾ ಎಲ್ಲ ಒಪ್ಪಿಕೊಂಡೆ. ನೋರಾಗೆ ಮಾತ್ರ ಸಂಭ್ರಮ: “ಕಂಗಾಲಾಗಬೇಡಿ! ತಲೆ ತಾನಾಗಿ ಮುರಿದರೆ ಬಿಸಿಲು ತರುವ ಶಕ್ತಿ ಇಮ್ಮಡಿ ಅಂತ ನಮ್ಮೂರ ನಂಬಿಕೆ!”

ಶ್ರೀವಿದ್ಯಾ ಎರಡೂ ತುಂಡುಗಳನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ತಲೆಯನ್ನೇ ಅಳತೆ ಮಾಡುವಂತೆ ನೋಡಿದಳು.

“ಜೂನ್‌ನಲ್ಲಿ ನಾಮಕರಣಕ್ಕೂ ಬಿಸಿಲು ಬೇಕಲ್ವಾ? ಈ ಸಲ ನಿಮ್ಮನ್ನೇ ಹೊರಗೆ ಕೂರಿಸ್ತೀನಿ. ತಲೆ ತಾನಾಗೇ ಮುರೀಲಿ ಅಂತ ಕಾಯೋದಿಲ್ಲ!”