ಅಂಚಿನ ಷರಾ

ನನ್ನ ಹೆಂಡತಿಗೂ ನನ್ನ ಪುಸ್ತಕಗಳಿಗೂ ಮದುವೆಯಾದ ದಿನದಿಂದ ಎಣ್ಣೆ ಸೀಗೆಕಾಯಿ ಸಂಬಂಧ. "ಓದೋದು ನೀವು, ಧೂಳು ತಿನ್ನೋದು ನಾನು" ಎಂಬುದು ಅವಳ ಇಪ್ಪತ್ತೆರಡು ವರ್ಷಗಳ ಹಳೆಯ ದೂರು. ಹೀಗಿರುವಾಗ ವರ್ಷದ ಕೊನೆಯ ರಜೆಗೆ ಮುಂಚೆ ನಮ್ಮ ಕಚೇರಿಯಲ್ಲಿ ಒಂದು ಸುತ್ತೋಲೆ ಬಂತು: ರಜೆಯಲ್ಲಿ ಅಗತ್ಯವಿರುವವರಿಗೆ ಪುಸ್ತಕ ದಾನ ಮಾಡಿ, ಫೋಟೋ ತಂದುಕೊಟ್ಟವರನ್ನು ಸಭೆಯಲ್ಲಿ ಸನ್ಮಾನಿಸಲಾಗುವುದು. ಮನೆಯಲ್ಲಿ ಶಾಂತಿ, ಕಚೇರಿಯಲ್ಲಿ ಕೀರ್ತಿ! ರಜೆಯ ಮೊದಲ ಭಾನುವಾರವೇ ಕಪಾಟು ಗುಡಿಸಿ, ಐದು ಪೆಟ್ಟಿಗೆ ತುಂಬಿಸಿ, ಪಕ್ಕದ ಬೀದಿಯ ಅಜ್ಜಿಯರ ಆಶ್ರಮಕ್ಕೆ ದಾನಶೂರನ ಗತ್ತಿನಲ್ಲಿ ಹೊರಟೆ.

ಅಲ್ಲಿನ ಅಡುಗೆಯಾಕೆ ಬಾಗಿಲಲ್ಲೇ ತಡೆದಳು. "ಈ ವಾರ ನೀವು ಒಂಬತ್ತನೆಯವರು ಸಾರ್. ಬೇಗ ಫೋಟೋ ತೆಗೆಸ್ಕೊಳ್ಳಿ, ಹತ್ತನೆಯವರು ಗೇಟ್ ಹತ್ರ ಕಾಯ್ತಿದಾರೆ. ಅಜ್ಜಿಯರಿಗಿನ್ನೂ ಊಟ ಆಗಿಲ್ಲ."

ಅಜ್ಜಿಯರಿಗೆ ಅಭ್ಯಾಸವಾಗಿತ್ತು. ಒಬ್ಬರಂತೂ ಪುಸ್ತಕ ಕೈಗೆ ಬರುವ ಮೊದಲೇ ಕ್ಯಾಮೆರಾ ಕಡೆ ತಿರುಗಿ ನಕ್ಕು, "ಆಯ್ತಾ?" ಎಂದರು. ಆಗಿರಲಿಲ್ಲ. ನನ್ನ ಕಣ್ಣು ಮುಚ್ಚಿಕೊಂಡಿದ್ದರಿಂದ ಅದೇ ಪುಸ್ತಕವನ್ನು ಅದೇ ಅಜ್ಜಿಗೆ ಮೂರು ಸಲ ದಾನ ಮಾಡಿದೆ. (ಉಳಿದ ಹನ್ನೊಂದು ತಿಂಗಳು ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ. ನಾನೂ ಹೋಗಿರಲಿಲ್ಲ ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕಾಗಿಲ್ಲ.)

ಆ ವಾರವಿಡೀ ಹೆಂಡತಿ ಪ್ರಸನ್ನಳಾಗಿದ್ದಳು. ಪಾತ್ರೆ ತೊಳೆಯುವಾಗ ಒಬ್ಬಳೇ ನಗುತ್ತಿದ್ದಳು. ದಾನದ ಫಲ ಇಷ್ಟು ಬೇಗ ಕೈಗೆ ಬರುತ್ತದೆಂದು ಗೊತ್ತಿದ್ದರೆ ಹಿಂದೆಯೇ ಕೊಡುತ್ತಿದ್ದೆನಲ್ಲ ಅಂದುಕೊಂಡೆ.

ಶನಿವಾರ ನಾನು ನಲ್ಲಿ ನಿಲ್ಲಿಸಲು ಮರೆತು ತೊಟ್ಟಿ ಖಾಲಿಯಾಯಿತು. ಅವಳು ಶುರು ಮಾಡಿದಳು. ನಾನು ಎಂದಿನಂತೆ ತುಟಿ ಹೊಲಿದುಕೊಂಡು ಪೆನ್ಸಿಲ್ ತೆಗೆದುಕೊಂಡೆ, ಎಂದಿನಂತೆ ಕಪಾಟಿಗೆ ಕೈ ಚಾಚಿದೆ. ಕಪಾಟು ಖಾಲಿ! ನಾನು ದಾನ ಮಾಡಿದ್ದು ಏನನ್ನೆಂದು ಆಗ ಹೊಳೆಯಿತು.

ಸಂಗತಿ ಹೇಳಿಬಿಡುತ್ತೇನೆ. ಕಚೇರಿಯಲ್ಲಿ ನನ್ನ ಕೆಲಸ ಕಡತಗಳ ಅಂಚಿನಲ್ಲಿ ಷರಾ ಬರೆಯುವುದು. ಮನೆಯಲ್ಲಿ ಎದುರುತ್ತರ ಕೊಡುವ ಸೌಲಭ್ಯವಿಲ್ಲ. (ಮದುವೆಯಾದ ಹೊಸದರಲ್ಲಿ ಒಮ್ಮೆ ಕೊಟ್ಟಿದ್ದೆ. ಆ ವಿಷಯ ಬೇಡ.) ಹಾಗಾಗಿ ನುಂಗಿಕೊಂಡ ಉತ್ತರಗಳನ್ನೆಲ್ಲ ಕೈಗೆ ಸಿಕ್ಕ ಪುಸ್ತಕದ ಅಂಚಿನಲ್ಲಿ ದಿನಾಂಕ ಹಾಕಿ ಬರೆದಿಡುತ್ತಿದ್ದೆ. "ಉಪ್ಪು ಮಿತಿ ಮೀರಿದೆ. ಗಮನಕ್ಕೆ ತಂದಲ್ಲಿ ಪ್ರತಿಕೂಲ ಪರಿಣಾಮ ಸಂಭವ. ಕಡತ ಮುಕ್ತಾಯ." "ಮಾವನವರು ಆಗಮಿಸಿದ್ದಾರೆ. ನಿರ್ಗಮನದ ಬಗ್ಗೆ ಸ್ಪಷ್ಟನೆ ಇಲ್ಲ." ಸನ್ಮಾನದ ಆತುರದಲ್ಲಿ ಅಷ್ಟನ್ನೂ ಬೀದಿಗೆ ಹಾಕಿದ್ದೆ. ಇದು ಹೆಂಡತಿಯ ಕಿವಿಗೆ ಬಿದ್ದರೆ ನನ್ನ ಕಥೆ ಮುಗಿದಂತೆಯೇ.

"ಸ್ವಲ್ಪ ಗಾಳಿ ಕುಡಿದು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

"ಕುಡೀರಿ, ಕುಡೀರಿ" ಎಂದಳು.

ಆಶ್ರಮದ ಪಡಸಾಲೆಯಲ್ಲಿ ಎಂಟು ಅಜ್ಜಿಯರು ಸುತ್ತ ಕೂತಿದ್ದರು. ಅವರಲ್ಲೇ ಒಬ್ಬರು, ನಿವೃತ್ತ ಮುಖ್ಯೋಪಾಧ್ಯಾಯಿನಿ, ನನ್ನ ಪತ್ತೇದಾರಿ ಕಾದಂಬರಿಯನ್ನು ಅಡ್ಡಡ್ಡ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪತ್ತೇದಾರಿ ಕಾದಂಬರಿಯಲ್ಲಿ ಅಷ್ಟು ನಗುವಂಥದ್ದೇನಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

"ಮೇಡಂ, ಆ ಪುಸ್ತಕಗಳು ತಪ್ಪಿ ಬಂದಿವೆ. ವಾಪಸ್ ಕೊಟ್ಟುಬಿಡಿ" ಎಂದೆ.

"ಮೂರು ಮೂರು ಸಲ ಕೊಟ್ಟದ್ದನ್ನ ಒಂದೇ ಸಲಕ್ಕೆ ವಾಪಸ್ ಕೇಳ್ತೀರಲ್ರೀ!"

"ಬೇರೆ ಒಳ್ಳೇ ಪುಸ್ತಕ ತಂದುಕೊಡ್ತೀನಿ."

"ಬೇಡಪ್ಪ. ಇದರಲ್ಲಿ ಕೊಲೆಗಾರ ಯಾರು ಅಂತ ಮೊದಲನೇ ಪುಟಕ್ಕೇ ಗೊತ್ತಾಗುತ್ತೆ. ನಾವು ಅಂಚು ಮಾತ್ರ ಓದೋದು."

ಕೈ ಮುಗಿದೆ. "ನನ್ನ ಹೆಂಡತಿಗೆ ಗೊತ್ತಾದ್ರೆ ನಾನೂ ಇಲ್ಲೇ ಬಂದು ಸೇರ್ಕೋಬೇಕಾಗುತ್ತೆ!"

"ಇಲ್ಲಿ ಹೆಂಗಸರಿಗೆ ಮಾತ್ರ" ಎಂದರು ಹೆಡ್ಮೇಡಂ. "ಇನ್ನು, ಗೊತ್ತಾಗೋದೇನು ಬಂತು? ಸೋಮವಾರ ಮನೇಲಿ ಉಳಿದಿದ್ದ ಎರಡು ಪುಸ್ತಕ ಕೊಡೋಕೆ ಬಂದವಳು ಕೂತೇಬಿಟ್ಟಳು. ನೀವು ಮಧ್ಯಾಹ್ನ ನಿದ್ದೆ ಹೊಡೆಯೋ ಹೊತ್ತಿಗೆ ದಿನಾ ಬರ್ತಾಳೆ. ನೋಡಿ ಬೇಕಾದ್ರೆ."

ಪುಸ್ತಕ ಕೈಗಿತ್ತರು. ನನ್ನ ಪೆನ್ಸಿಲ್ ಷರಾಗಳ ಕೆಳಗೆಲ್ಲ ಕೆಂಪು ಶಾಯಿಯಲ್ಲಿ ನನ್ನವಳ ದುಂಡು ಅಕ್ಷರ! ಉಪ್ಪಿನ ಕೆಳಗೆ: "ಅವತ್ತು ಅಡುಗೆ ಮಾಡಿದ್ದು ನೀವು." ಮಾವನವರ ಕೆಳಗೆ: "ನಿಮ್ಮಮ್ಮ ಬಂದು ಆಗಲೇ ಎಂಟು ತಿಂಗಳಾಗಿತ್ತು. ಮೊದಲು ಆ ಕಡತ ವಿಲೇವಾರಿ ಮಾಡಿ." ಪ್ರತಿ ಪುಟದಲ್ಲೂ ಅಜ್ಜಿಯರ ಪೀಠ ತೀರ್ಪು ಕೊಟ್ಟು ಸರಿ ಗುರುತು ಹಾಕಿತ್ತು. ಒಂದು ಗುರುತೂ ನನ್ನ ಕಡೆ ಇರಲಿಲ್ಲ.

ಪುಟ ತಿರುವುತ್ತ ಹೋದೆ. ಆರು ವರ್ಷದ ಹಿಂದೆ ಅವಳು ಆಪರೇಷನ್ನಿಗೆಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಬರೆದದ್ದು ಸಿಕ್ಕಿತು: "ಮನೆಯಲ್ಲಿ ಸದ್ದಿಲ್ಲ. ಬೆಳಗಿನಿಂದ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಶೀಘ್ರ ಬಂದು ಬೈಯಬೇಕಾಗಿ ಕೋರಿಕೆ." ಅದನ್ನು ಗಟ್ಟಿಯಾಗಿಯೇ ಓದಿದೆ. ಇದೊಂದಾದರೂ ನನ್ನದು ಎಂದು ಕಣ್ಣೊರೆಸಿಕೊಂಡು ಕೆಳಗಿನ ಕೆಂಪು ಸಾಲು ನೋಡಿದೆ.

"ಓದಿದೆ. ಆಸ್ಪತ್ರೆಗೆ ನೀವು ತಂದ ಸೇಬು ಕೊಳೆತಿತ್ತು."

ಸರಿ ಗುರುತು ಅದರ ಪಕ್ಕದಲ್ಲೇ ಇತ್ತು.

"ಇದಕ್ಕಾದ್ರೂ ನನ್ನ ಕಡೆ ಒಂದು..." ಎಂದು ಪೀಠದ ಮುಖ ನೋಡಿದೆ.

"ನೋಡಿ ತರಬೇಕಿತ್ತು" ಎಂದರು ಎಂಟೂ ಅಜ್ಜಿಯರು, ಒಂದೇ ದನಿಯಲ್ಲಿ.